ಉಗಾದಿಯ ಸಂಜೆ ಉತ್ತರದ ಆಕಾಶದಲ್ಲಿ ಉರಿದುಹೋದದ್ದು ಉಲ್ಕೆಯೇ? ಕಣ್ಣಾರೆ ನೋಡಿದವರು ತಿಳಿಸಿ

ಮಾಂಜ್ರಾತೀರ:
ಎಲ್ಲರಿಗೂ ನಮಸ್ಕಾರ. ನಾವು ಬೀದರ್ ಜಿಲ್ಲೆಯ ಔರಾದ್ ಕಡೆಯವರು. 2022ರ ಏಪ್ರಿಲ್ 2, ಶನಿವಾರ, ಉಗಾದಿ. ಅಂದೇ ರಂಜಾನ್ ಚಂದ್ರನನ್ನೂ ನೋಡುವ ಸಂಜೆಯಾಗಿದ್ದರಿಂದ ನಮ್ಮ ಓಣಿಯ ಮಾಳಿಗೆಗಳ ಮೇಲೆಲ್ಲ ಜನ ನಿಂತಿದ್ದರು. ಎಳೆಯ ಚಂದ್ರ ಗೆರೆಯಂತೆ ಕಂಡು ಮುಳುಗಿದ ಮೇಲೆ ಪಕ್ಕದ ಮನೆಯವರಿಗೆ ನಾವು ಹೋಳಿಗೆ ಕೊಟ್ಟು, ಅವರಿಂದ ಖರ್ಜೂರ ಪಡೆದು, ಕೆಳಗಿಳಿಯಲು ಮೆಟ್ಟಿಲ ಬಳಿ ಬಂದಾಗ ಏಳೂಮುಕ್ಕಾಲು ಆಗಿರಬೇಕು. ಎಂಟನೇ ತರಗತಿಯಲ್ಲಿ ಓದುವ ನನ್ನ ಮಗಳು ಉತ್ತರದ ಕಡೆ ಕೈ ತೋರಿಸಿ ಕೂಗಿದಳು.

ಬೇವಿನ ಮರದ ಎಡಬದಿಯಿಂದ ಹಳದಿ ಬಣ್ಣದ ಉಂಡೆಯೊಂದು ಹೊರಟು ಬಲಕ್ಕೆ ಸಾಗುತ್ತಿತ್ತು. ನೋಡನೋಡುತ್ತಿದ್ದಂತೆ ಅದು ಹಲವು ತುಂಡುಗಳಾಗಿ, ಪ್ರತಿಯೊಂದೂ ತನ್ನದೇ ಬಾಲ ಹೊತ್ತು, ಜಾತ್ರೆಯಲ್ಲಿ ದೀವಟಿಗೆಗಳು ಒಂದರ ಹಿಂದೊಂದು ನಡೆದಂತೆ ನಿಧಾನವಾಗಿ ನೀರಿನ ಟ್ಯಾಂಕಿನ ಕಡೆಗೆ ಹೋಯಿತು. ಸದ್ದು ಒಂದಿಷ್ಟೂ ಇರಲಿಲ್ಲ. ನನ್ನ ಅವ್ವ ಕೈ ಮುಗಿದು ಮಲ್ಲಿಗೆ, ಸೇವಂತಿಗೆ, ಕಣಗಿಲೆ ಎಂದು ಹೂವಿನ ಹೆಸರುಗಳನ್ನು ಹೇಳತೊಡಗಿದರು. ಚುಕ್ಕಿ ಬೀಳುವುದನ್ನು ಕಂಡರೆ ಹಾಗೆ ಹೇಳಬೇಕೆಂಬುದು ನಮ್ಮ ಮನೆಯ ರೂಢಿ. ಪುಣ್ಯ ತೀರಿದ ದೊಡ್ಡ ಜೀವವೊಂದು ಕೆಳಗೆ ಬಿತ್ತೆಂದು ಅವರು ನಂಬಿದ್ದಾರೆ. ಹಬ್ಬದ ದಿನವೇ ಹೀಗಾಯಿತಲ್ಲ ಎಂಬ ಕಳವಳ ಎರಡು ವಾರವಾದರೂ ಅವರಿಂದ ಹೋಗಿಲ್ಲ. ಟಿ.ವಿ.ಯಲ್ಲಿ ಒಬ್ಬರು ಉಲ್ಕೆ ಎಂದರು, ಇನ್ನೊಬ್ಬರು ಪರದೇಶದ ರಾಕೆಟ್ ಎಂದರು. ನಮ್ಮಂಥವರು ಬರಿಗಣ್ಣಿನಿಂದ ನೋಡಿದ್ದನ್ನು ಇಟ್ಟುಕೊಂಡು ಇದನ್ನು ನಿರ್ಧರಿಸುವ ದಾರಿ ಇದೆಯೇ?

ನಾಗಪುರದ ಕನ್ನಡತಿ:
ನಾವೂ ನೋಡಿದೆವು! ಇಲ್ಲಿ ಅದು ಗುಡಿಪಾಡ್ವಾ. ನಮ್ಮ ಬಾಲ್ಕನಿ ದಕ್ಷಿಣಕ್ಕಿದೆ. ಅದು ಬಲಗಡೆಯಿಂದ, ಅಂದರೆ ಪಶ್ಚಿಮದಿಂದ, ಎಡಗಡೆಗೆ ಹಾದುಹೋಯಿತು. ನಮಗೆ ಅದು ಸಾಕಷ್ಟು ಎತ್ತರದಲ್ಲಿಯೇ ಕಂಡಿತು. ಕೆಳಗೆ ಆಡುತ್ತಿದ್ದ ಮಕ್ಕಳು ಚೀರಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ತಾರಾಪಥ:
ಮಾಂಜ್ರಾತೀರ ಅವರೇ, ನಿಮ್ಮ ವರ್ಣನೆ ಬಹಳ ಸ್ಪಷ್ಟವಾಗಿದೆ, ಅದಕ್ಕಾಗಿ ವಂದನೆಗಳು. ಅದು ಉಲ್ಕೆಯಲ್ಲ. 2021ರ ಫೆಬ್ರುವರಿಯಲ್ಲಿ ಚೀನಾ ಹಾರಿಸಿದ್ದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೇಲಿನ ಹಂತವು ಒಂದು ವರ್ಷಕ್ಕೂ ಹೆಚ್ಚು ಕಾಲ ಭೂಮಿಯನ್ನು ಸುತ್ತಿ, ಆ ಸಂಜೆ ವಾತಾವರಣಕ್ಕೆ ಮರಳಿ ಉರಿದುಹೋಯಿತು. ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರಗಳ ಉದ್ದಕ್ಕೂ ಜನ ಅದನ್ನು ನೋಡಿದ್ದಾರೆ. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಲಾಡಬೋರಿ ಎಂಬ ಹಳ್ಳಿಯಲ್ಲಿ ಹಬ್ಬದ ಊಟಕ್ಕೆ ಅಡುಗೆ ನಡೆದಿದ್ದ ಹೊತ್ತಿನಲ್ಲೇ ಸುಮಾರು ಮೂರು ಮೀಟರ್ ಅಡ್ಡಗಲದ ಲೋಹದ ಬಳೆಯೊಂದು ಖಾಲಿ ಜಾಗಕ್ಕೆ ಬಂದು ಬಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಗುಂಡನೆಯ ಇಂಧನ ತೊಟ್ಟಿಯಂಥವೂ ಸಿಕ್ಕವು.

ಕಣ್ಣಿನಿಂದಲೇ ಗುರುತಿಸಲು ಮೊದಲು ನೋಡಬೇಕಾದದ್ದು ವೇಗ. ಸೂರ್ಯನನ್ನು ಸುತ್ತುವ ಕಲ್ಲು ನಮ್ಮ ವಾತಾವರಣಕ್ಕೆ ನುಗ್ಗುವಾಗ ಅದರ ವೇಗ ಸೆಕೆಂಡಿಗೆ 11 ಕಿಲೋಮೀಟರಿಗಿಂತ ಕಡಿಮೆ ಇರುವುದಿಲ್ಲ. ಹೆಚ್ಚೆಂದರೆ 72ರವರೆಗೂ ಹೋಗುತ್ತದೆ. ಭೂಮಿಯನ್ನು ಸುತ್ತುತ್ತಿದ್ದ ರಾಕೆಟ್ ತುಂಡಿನ ವೇಗ ಸುಮಾರು ಏಳೂವರೆ, ಎಂಟರ ಆಸುಪಾಸು. ಹಾಗಾಗಿ ಸಾಮಾನ್ಯ ಉಲ್ಕೆ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ರಾಕೆಟ್ಟಿನ ಅವಶೇಷ ಅರ್ಧ ಆಕಾಶವನ್ನು ಮೆರವಣಿಗೆಯಂತೆ ದಾಟುತ್ತದೆ. ಶುಕ್ರಗ್ರಹಕ್ಕಿಂತ ಹೆಚ್ಚು ಬೆಳಗುವ ಉಲ್ಕೆಯನ್ನು ಅಗ್ನಿಗೋಲ ಎನ್ನುತ್ತೇವೆ. ಅದೂ ಕೂಡ ಐದಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿಯುವುದು ವಿರಳ.

ಒಂಟಿದನಿ:
ಇಷ್ಟು ನಿಶ್ಚಯವಾಗಿ ಹೇಳುವುದು ಸರಿಯಲ್ಲ. ಲೋಹದ ಬಳೆ ಚಂದ್ರಪುರದಲ್ಲಿ ಸಿಕ್ಕಿದ್ದಕ್ಕೂ ಔರಾದಿನ ಮಾಳಿಗೆಯಿಂದ ಕಂಡದ್ದಕ್ಕೂ ಸಂಬಂಧವಿದೆ ಎಂಬುದಕ್ಕೆ ಆಧಾರವೇನು? ನಡುವೆ ಮುನ್ನೂರು ಕಿಲೋಮೀಟರ್ ದಾರಿಯಿದೆ. ಮಾಂಜ್ರಾತೀರ ಅವರು ಬೇವಿನ ಮರದ ಪಕ್ಕದಲ್ಲಿ ಕಂಡಿತು ಎನ್ನುತ್ತಾರೆ.

ತಾರಾಪಥ:
ಮರದ ಪಕ್ಕದಲ್ಲಿ ಕಂಡಿತೆಂದರೆ ಮರದ ಹತ್ತಿರವೇ ಇತ್ತೆಂದು ಅರ್ಥವಲ್ಲವಲ್ಲ. ಇಂಥದ್ದನ್ನು ನೋಡಿದ ಬಹುಪಾಲು ಜನ ಪಕ್ಕದ ಗುಡ್ಡದಾಚೆ ಬಿತ್ತೆಂದೇ ಹೇಳುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿರುವುದಿಲ್ಲ. ಕತ್ತಲ ಆಕಾಶದಲ್ಲಿ ಅಳತೆಗೆ ಯಾವ ಆಸರೆಯೂ ಇಲ್ಲದೆ, ಎಪ್ಪತ್ತೆಂಬತ್ತು ಕಿಲೋಮೀಟರ್ ಎತ್ತರದಲ್ಲಿ ಉರಿಯುವ ವಸ್ತುವನ್ನು ನಮ್ಮ ಕಣ್ಣು ತನಗೆ ಗೊತ್ತಿರುವ ದೂರಕ್ಕೆ ಎಳೆದು ತರುತ್ತದೆ.

ಹಡ್ಸನ್ ದಡ:
ನಿಧಾನವಾಗಿ ಸಾಗಿತು, ತುಂಡಾಯಿತು, ಆದ್ದರಿಂದ ಉಲ್ಕೆಯಲ್ಲ ಎಂಬ ಮಾತಿಗೆ ನನ್ನದೊಂದು ತಿದ್ದುಪಡಿ. 1992ರ ಅಕ್ಟೋಬರ್ 9, ಶುಕ್ರವಾರದ ಸಂಜೆ ಅಮೆರಿಕದ ಪೂರ್ವಭಾಗದ ಆಕಾಶದಲ್ಲಿ ನಿಜವಾದ ಉಲ್ಕೆಯೊಂದು ನಲವತ್ತು ಸೆಕೆಂಡಿಗೂ ಹೆಚ್ಚು ಕಾಲ ಉರಿಯಿತು. ಆಗ ನಾನು ಪೆನ್ಸಿಲ್ವೇನಿಯಾದಲ್ಲಿ ಓದುತ್ತಿದ್ದೆ. ಗ್ರಂಥಾಲಯದಿಂದ ಹೊರಗೆ ಬಂದಾಗ ಕಂಡ ಆ ಹಸಿರು ಬೆಳಕು, ಅದು ಒಡೆದು ಹತ್ತಾರು ಕಿಡಿಗಳಾಗಿ ಒಟ್ಟಿಗೇ ಸಾಗಿದ ರೀತಿ, ನೀವು ಬರೆದ ದೀವಟಿಗೆಗಳ ಸಾಲಿನಂತೆಯೇ ಇತ್ತು. ಶುಕ್ರವಾರದ ಸಂಜೆ ಅಲ್ಲಿ ಶಾಲೆಗಳ ಫುಟ್‌ಬಾಲ್ ಪಂದ್ಯಗಳು ನಡೆಯುತ್ತವೆ, ಪೋಷಕರ ಕೈಯಲ್ಲಿ ವಿಡಿಯೊ ಕ್ಯಾಮೆರಾಗಳಿರುತ್ತವೆ. ಹಾಗಾಗಿ ಬೇರೆ ಬೇರೆ ಊರುಗಳಿಂದ 16 ಚಿತ್ರೀಕರಣಗಳು ಸಿಕ್ಕವು. ಕೊನೆಗೆ ನ್ಯೂಯಾರ್ಕ್ ರಾಜ್ಯದ ಪೀಕ್ಸ್‌ಕಿಲ್ ಊರಿನಲ್ಲಿ ಮನೆಯ ಮುಂದೆ ನಿಲ್ಲಿಸಿದ್ದ ಹಳೆಯ ಷೆವ್ರೊಲೆ ಮಾಲಿಬು ಕಾರಿನ ಹಿಂಭಾಗವನ್ನು ಸೀಳಿಕೊಂಡು 12 ಕಿಲೋಗಿಂತ ಹೆಚ್ಚು ತೂಕದ ಕಲ್ಲು ಬಿತ್ತು.

ಒಂಟಿದನಿ:
ನಾನು ಹೇಳಲು ಹೊರಟಿದ್ದೂ ಇದನ್ನೇ.

ತಾರಾಪಥ:
ಹಡ್ಸನ್ ದಡ ಅವರ ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತೇನೆ. ನನ್ನ ಮಾತು ಅವಸರದ್ದಾಯಿತು. ಪೀಕ್ಸ್‌ಕಿಲ್ ಉಲ್ಕೆ ನೆಲಕ್ಕೆ ಬಹುತೇಕ ಸಮಾನಾಂತರವಾಗಿ ವಾತಾವರಣವನ್ನು ಸವರಿಕೊಂಡು ಬಂದಿದ್ದರಿಂದ ಅಷ್ಟು ಹೊತ್ತು ಉಳಿಯಿತು. 1972ರ ಆಗಸ್ಟ್ 10ರಂದು ಅಮೆರಿಕದ ಯೂಟಾದಿಂದ ಕೆನಡಾದ ಆಲ್ಬರ್ಟಾದವರೆಗೆ ಹಾಡುಹಗಲಿನಲ್ಲಿ ಕಂಡ ಇನ್ನೊಂದು ಉಲ್ಕೆಯಂತೂ ಭೂಮಿಗೆ ಬೀಳದೆ ಮತ್ತೆ ಅಂತರಿಕ್ಷಕ್ಕೇ ಹೊರಟುಹೋಯಿತು. ಆದ್ದರಿಂದ ಎಷ್ಟು ಹೊತ್ತು ಉರಿಯಿತು ಎಂಬುದೊಂದೇ ಸಾಲದು. ಅಷ್ಟು ಹೊತ್ತಿನಲ್ಲಿ ಎಷ್ಟು ದೂರ ಸಾಗಿತು ಎಂಬುದೂ ಬೇಕು. ಪೀಕ್ಸ್‌ಕಿಲ್ ಉಲ್ಕೆಯ ವೇಗವನ್ನು ಆ ವಿಡಿಯೊಗಳಿಂದಲೇ ಲೆಕ್ಕ ಹಾಕಿದರು, ಸೆಕೆಂಡಿಗೆ 14 ಕಿಲೋಮೀಟರಿಗೂ ಹೆಚ್ಚು ಬಂತು. ಉಗಾದಿಯ ಸಂಜೆಯದ್ದನ್ನೂ ಹಾಗೆಯೇ ಅಳೆಯಬಹುದು.

ನಿವೃತ್ತ ಮೇಷ್ಟ್ರು:
ನನ್ನಂಥ ಹಳಬರಿಗೆ ಇದನ್ನು ಓದುವಾಗ 1979ರ ಜುಲೈ ನೆನಪಾಗುತ್ತದೆ. ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಬೀಳುತ್ತದೆ, ಎಲ್ಲಿ ಬೀಳುತ್ತದೋ ತಿಳಿಯದು ಎಂಬ ಸುದ್ದಿ ರೇಡಿಯೊದಲ್ಲಿ ಬಂದಾಗ ನಮ್ಮೂರಿನಲ್ಲಿ ಒಂದು ವಾರ ಹೊಲದ ಕೆಲಸ ನಿಂತಿತ್ತು. ಬಿತ್ತನೆ ಮಾಡಿ ಫಲವೇನು ಎಂದವರಿದ್ದರು, ಇದ್ದ ಕೋಳಿಗಳನ್ನೆಲ್ಲ ಕೊಯ್ದು ಉಂಡವರಿದ್ದರು. ಕೊನೆಗೆ ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯಾದ ಮೇಲೂ ಚದುರಿತು. ಆಗ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಹೆದರಿಕೆಗೆ ಅದೇ ದೊಡ್ಡ ಕಾರಣವಾಗಿತ್ತು. ಮಾಂಜ್ರಾತೀರ ಅವರೇ, ತಾಯಿಯವರ ಹತ್ತಿರ ಕುಳಿತು ನಿಧಾನವಾಗಿ ವಿವರಿಸಿ. ಅವರ ನಂಬಿಕೆಯನ್ನು ಹಗುರವಾಗಿ ಕಾಣಬೇಡಿ, ಅದಕ್ಕೆ ಬಹಳ ಹಳೆಯ ಬೇರಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಸ್ವರ್ಗದಲ್ಲಿ ಪುಣ್ಯಫಲ ಉಂಡು ಮುಗಿಸಿ ಕೆಳಗೆ ಬೀಳುವವರ ರೂಪಗಳೇ ಉಲ್ಕೆಗಳು ಎಂದಿದೆ. ಅದೇ ಗ್ರಂಥ ಅವುಗಳನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದಾಗಿ ವಿಂಗಡಿಸುತ್ತದೆ. ನೋಡಿ, ಬೇರ್ಪಡಿಸಿ, ಹೆಸರಿಟ್ಟವರು ನಮ್ಮಲ್ಲೂ ಇದ್ದರು.

ಮಾಂಜ್ರಾತೀರ:
ಮೇಷ್ಟ್ರೇ, ನಿಮ್ಮ ಮಾತನ್ನು ಅವ್ವನಿಗೆ ಓದಿ ಹೇಳಿದೆ. ಪುಣ್ಯ ತೀರಿದವರ ಮಾತು ಗ್ರಂಥದಲ್ಲೇ ಇದೆಯೆಂದು ತಿಳಿದು ಅವರ ಮುಖದಲ್ಲಿ ಒಂದು ಬಗೆಯ ಗೆಲುವು ಕಂಡಿತು. ಆಮೇಲೆ ಲೋಹದ ಬಳೆಯ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ಅಡುಗೆ ಮಾಡುತ್ತಿದ್ದ ಹೆಣ್ಣುಮಕ್ಕಳಿಗೆ ಪೆಟ್ಟಾಯಿತೇ ಎಂದು.

ನಾಗಪುರದ ಕನ್ನಡತಿ:
ಇಲ್ಲ ಅಕ್ಕಾ, ಯಾರಿಗೂ ಪೆಟ್ಟಾಗಲಿಲ್ಲ. ಇಲ್ಲಿನ ಪತ್ರಿಕೆಗಳಲ್ಲಿ ಅದು ವಿವರವಾಗಿ ಬಂದಿತ್ತು.

ಕಾಯ್ದೆಪುಟ:
ಪೆಟ್ಟಾಗಿದ್ದರೆ ಹೊಣೆ ಯಾರದು ಎಂಬುದಕ್ಕೆ ಉತ್ತರವಿದೆ. 1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಬಾಹ್ಯಾಕಾಶದಿಂದ ಬಿದ್ದ ವಸ್ತು ನೆಲದ ಮೇಲೆ ಮಾಡಿದ ಹಾನಿಗೆ, ತಪ್ಪು ಯಾರದೆಂದು ಸಾಬೀತುಪಡಿಸುವ ಅಗತ್ಯವಿಲ್ಲದೆಯೇ, ಹಾರಿಸಿದ ದೇಶವೇ ಹೊಣೆ. 1978ರ ಜನವರಿಯಲ್ಲಿ ಅಣುಸ್ಥಾವರ ಹೊತ್ತಿದ್ದ ಸೋವಿಯತ್ ಉಪಗ್ರಹ ಕಾಸ್ಮಾಸ್ 954 ಕೆನಡಾದ ಮೇಲೆ ಚದುರಿದಾಗ ಆ ದೇಶ ಪರಿಹಾರ ಕೇಳಿತು. ಕೊನೆಗೆ 30 ಲಕ್ಷ ಕೆನಡಿಯನ್ ಡಾಲರ್ ಸಿಕ್ಕಿತು. ನಮ್ಮ ಹಳ್ಳಿಯವರು ಬಿದ್ದ ತುಂಡುಗಳನ್ನು ಪೊಲೀಸರಿಗೆ ಒಪ್ಪಿಸಿ ಒಳ್ಳೆಯದನ್ನೇ ಮಾಡಿದರು. ಇಂಥ ತೊಟ್ಟಿಗಳಲ್ಲಿ ವಿಷದ ಇಂಧನ ಉಳಿದಿರಬಹುದು, ಬರಿಗೈಯಿಂದ ಮುಟ್ಟಲೇಬಾರದು.

ಒಂಟಿದನಿ:
ಮುಖ್ಯ ಪ್ರಶ್ನೆಗೆ ಮರಳೋಣ. ತಾರಾಪಥ ಅವರು ಅಳೆಯಬಹುದು ಎಂದರು. ಮಾಳಿಗೆಯ ಮೇಲೆ ನಿಂತವರ ಹೇಳಿಕೆಯಿಂದ ವೇಗವನ್ನು ಹೇಗೆ ಅಳೆಯುತ್ತೀರಿ? ಎರಡು ವಾರ ಕಳೆದಿದೆ, ಟಿ.ವಿ. ನೋಡಿದ್ದಾರೆ, ಇಲ್ಲಿನ ಮಾತುಗಳನ್ನೂ ಓದಿದ್ದಾರೆ. ನೋಡಿದವರ ನೆನಪು ಸಾಕ್ಷಿಯಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಲ್ಲುಮಣ್ಣು:
ಒಂಟಿದನಿ ಅವರೇ, ನೀವು ಕೇಳುವ ಪ್ರಶ್ನೆಗಳು ಒಳ್ಳೆಯವು, ಆದರೆ ಈ ಕೊನೆಯ ಮಾತನ್ನು ನಾನು ಒಪ್ಪಲಾರೆ. ನಾನು ಭೂವಿಜ್ಞಾನ ಕಲಿತವಳು. ಆಕಾಶದಿಂದ ಕಲ್ಲು ಬೀಳುತ್ತದೆ ಎಂಬುದನ್ನು ವಿದ್ವಾಂಸರು ನಂಬಿದ್ದೇ ಇಂಥ ನೋಡುಗರ ಮಾತಿನಿಂದ, ಅದರಲ್ಲೂ ನಮ್ಮ ದೇಶದವರ ಮಾತಿನಿಂದ.

1798ರ ಡಿಸೆಂಬರ್ 19, ಸಂಜೆ ಸುಮಾರು ಎಂಟು ಗಂಟೆ. ಕಾಶಿಯ ಸುತ್ತಲಿನ ಜನರಿಗೆ ನಿರ್ಮಲವಾದ ಆಕಾಶದಲ್ಲಿ ದೊಡ್ಡ ಬೆಂಕಿಯ ಉಂಡೆಯೊಂದು ಕಂಡಿತು, ಗುಡುಗಿನಂಥ ಸದ್ದು ಕೇಳಿತು. ಊರಿನಿಂದ 14 ಮೈಲಿ ದೂರದ ಕ್ರಾಖುತ್ ಹಳ್ಳಿಯ ಹೊಲಗಳಲ್ಲಿ ಮರುದಿನ ರೈತರಿಗೆ ಕಂಡದ್ದು ಅಲ್ಲಲ್ಲಿ ಹೊಸದಾಗಿ ಕೆದರಿದ ಮಣ್ಣು. ಅರ್ಧ ಅಡಿ ಆಳದಲ್ಲಿ ಕಪ್ಪು ಹೊದಿಕೆಯ ಕಲ್ಲುಗಳಿದ್ದವು. ಅಲ್ಲಿನ ಒಬ್ಬ ಕಾವಲುಗಾರನ ಗುಡಿಸಲ ಮಾಡನ್ನು ತೂರಿ ಬಂದ ಸುಮಾರು ಒಂದು ಕಿಲೋ ತೂಕದ ಕಲ್ಲು, ಗಟ್ಟಿಯಾಗಿ ಬಡಿದು ಮಾಡಿದ ಮಣ್ಣಿನ ನೆಲದೊಳಗೆ ಹಲವು ಅಂಗುಲ ಹೂತುಹೋಗಿತ್ತು. ಬೆಳಗಾದೊಡನೆ ಅವನು ಅದನ್ನು ತನ್ನ ದೊರೆಯ ಬಳಿಗೆ ಒಯ್ದು, ಹೇಗೆ ಬಿತ್ತೆಂದು ಹೇಳಿದ. ಜಾನ್ ಲಾಯ್ಡ್ ವಿಲಿಯಮ್ಸ್ ಎಂಬವರು ಈ ಹೇಳಿಕೆಗಳನ್ನೆಲ್ಲ ಕೇಳಿ ಬರೆದಿಟ್ಟರು. ಲಂಡನ್ನಿನಲ್ಲಿ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೋವರ್ಡ್ ಆ ಕಲ್ಲನ್ನೂ, ಇಂಗ್ಲೆಂಡ್, ಇಟಲಿ, ಬೊಹೀಮಿಯಾಗಳಲ್ಲಿ ಬಿದ್ದವೆಂದು ಹೇಳಲಾದ ಕಲ್ಲುಗಳನ್ನೂ ಒಟ್ಟಿಗೆ ಪರೀಕ್ಷಿಸಿ, ಎಲ್ಲದರ ಕಬ್ಬಿಣದ ಕಣಗಳಲ್ಲೂ ನಿಕ್ಕಲ್ ಇದೆಯೆಂದು 1802ರಲ್ಲಿ ಪ್ರಕಟಿಸಿದರು. ಅದುವರೆಗೆ ಇದನ್ನು ಹಳ್ಳಿಗರ ಕಟ್ಟುಕತೆ ಎಂದು ತಳ್ಳಿಹಾಕುತ್ತಿದ್ದವರು ಎರಡನೆಯ ಸಲ ಯೋಚಿಸಬೇಕಾಯಿತು. ಆ ಕಾವಲುಗಾರನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ನಮ್ಮ ರಾಜ್ಯಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಉಲ್ಕಾಶಿಲೆಗಳು ಬಿದ್ದು ದಾಖಲಾಗಿವೆ. ಹತ್ತಿರದ ಕಾಲದಲ್ಲಿ, 2008ರ ಸೆಪ್ಟೆಂಬರ್ 12ರಂದು, ಗಡಿಯಾಚೆ ತಮಿಳುನಾಡಿನ ಹೊಸೂರಿನ ಬಳಿಯ ಸೂಳಗಿರಿಯಲ್ಲಿ ಬಿದ್ದದ್ದು ನೂರು ಕಿಲೋಗೂ ಹೆಚ್ಚು.

ಹಳೇಬಾವಿ:
ಹೊಲದಲ್ಲಿ ಸಿಕ್ಕ ಕಲ್ಲು ಉಲ್ಕೆಯದೇ ಎಂದು ತಿಳಿಯುವುದು ಹೇಗೆ? ನಮ್ಮ ತೋಟದಲ್ಲಿ ತೂತು ತೂತಾದ ಕಪ್ಪು ಕಲ್ಲೊಂದಿದೆ.

ಕಲ್ಲುಮಣ್ಣು:
ತೂತುಗಳಿದ್ದರೆ ಬಹುಶಃ ಕಬ್ಬಿಣ ಕರಗಿಸಿದ ಕಿಟ್ಟ ಅಥವಾ ಜ್ವಾಲಾಮುಖಿಯ ಕಲ್ಲು. ಉಲ್ಕಾಶಿಲೆಯ ಮೈಮೇಲೆ ಹೆಬ್ಬೆರಳಿನಿಂದ ಹಸಿ ಮಣ್ಣನ್ನು ಒತ್ತಿದಂಥ ತಗ್ಗುಗಳಿರಬಹುದು, ಆದರೆ ಒಳಗೆ ಗುಳ್ಳೆಗಳಿರುವುದಿಲ್ಲ. ಹೊರಗೆ ಕಾಗದದಷ್ಟು ತೆಳುವಾದ ಕಪ್ಪು ಸುಟ್ಟ ಪದರ, ಒಡೆದ ಕಡೆ ಬೂದು ಬಣ್ಣ, ಗಾತ್ರಕ್ಕೆ ಮೀರಿದ ತೂಕ, ಅಯಸ್ಕಾಂತಕ್ಕೆ ಎಳೆತ, ಇವಿಷ್ಟನ್ನು ನೋಡಿ. ಆದರೂ ಅನುಮಾನ ಉಳಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗೆ ತೋರಿಸಿ; ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಾಡುವವರು ಅವರೇ.

ತಾರಾಪಥ:
ಸದ್ದಿನ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಇದು ಜೀವಕ್ಕೆ ಸಂಬಂಧಿಸಿದ್ದು. ಬೆಳಕು ಕಂಡೊಡನೆ ಕಿಟಕಿಗೆ ಓಡಬಾರದು. 2013ರ ಫೆಬ್ರುವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಗಾತ್ರದ ಕಲ್ಲು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿದಾಗ, ಸೂರ್ಯನನ್ನು ಮೀರಿಸಿದ ಆ ಬೆಳಕೇನೆಂದು ನೋಡಲು ಜನ ಗಾಜಿನ ಹತ್ತಿರ ನಿಂತರು. ಒಂದು ನಿಮಿಷಕ್ಕೂ ಹೆಚ್ಚು ಕಾಲ ಏನೂ ಆಗಲಿಲ್ಲ. ಆಮೇಲೆ ಗಾಳಿಯ ಹೊಡೆತ ಬಂತು. ಗಾಯಗೊಂಡ ಸುಮಾರು 1,500 ಜನರಲ್ಲಿ ಬಹಳಷ್ಟು ಮಂದಿಗೆ ತಗುಲಿದ್ದು ಒಡೆದ ಗಾಜು.

ಈಗ ಒಂಟಿದನಿ ಅವರ ಸವಾಲಿಗೆ. ನೆನಪು ಮಸುಕಾಗುತ್ತದೆ ಎಂಬುದು ನಿಜ, ಆದರೆ ಬೇವಿನ ಮರವೂ ಟ್ಯಾಂಕೂ ಎರಡು ವಾರದಲ್ಲಿ ಕದಲುವುದಿಲ್ಲ. ಮಾಂಜ್ರಾತೀರ ಅವರೇ, ಮಗಳನ್ನು ಅದೇ ಮೆಟ್ಟಿಲ ಬಳಿ ನಿಲ್ಲಿಸಿ. ಕೈಯನ್ನು ನೇರವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮಕ್ಕಳ ಮುಷ್ಟಿ ಚಿಕ್ಕದಾದರೂ ತೋಳೂ ಗಿಡ್ಡವಾಗಿರುವುದರಿಂದ ಲೆಕ್ಕ ಹೆಚ್ಚು ಕಡಿಮೆ ಅದೇ ಬರುತ್ತದೆ. ದಿಗಂತದಿಂದ ಎಷ್ಟು ಮುಷ್ಟಿ ಮೇಲೆ ಕಂಡಿತು, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಅಳೆಯಿರಿ. ಯಾರಾದರೂ ಮೊಬೈಲಿನಲ್ಲಿ ಸೆರೆಹಿಡಿದಿದ್ದರೆ ಅದರ ಅವಧಿಯೂ ಸಿಗುತ್ತದೆ.

ಮಾಂಜ್ರಾತೀರ:
ಎರಡು ದಿನ ತಡವಾಯಿತು, ಕ್ಷಮಿಸಿ. ಪಕ್ಕದ ಮನೆಯ ಹುಡುಗ ಚಂದ್ರನ ಚಿತ್ರ ತೆಗೆಯಲು ಹಿಡಿದಿದ್ದ ಮೊಬೈಲಿನಲ್ಲೇ ಇದನ್ನೂ ತೆಗೆದಿದ್ದ. ಬೇವಿನ ಎಡಬದಿಯಿಂದ ಟ್ಯಾಂಕಿನ ತುದಿಯವರೆಗೆ 48 ಸೆಕೆಂಡು. ಮಗಳು ದಿಕ್ಸೂಚಿ ಹಿಡಿದು ನೋಡಿದಳು: ಬೇವು ಉತ್ತರದಿಂದ ಪಶ್ಚಿಮಕ್ಕೆ 20 ಡಿಗ್ರಿ ವಾಲಿದೆ, ಟ್ಯಾಂಕು ಬಹುತೇಕ ಈಶಾನ್ಯ. ನೇರ ಉತ್ತರದಲ್ಲಿ ಅದು ದಿಗಂತದಿಂದ ಒಂದು ಮುಷ್ಟಿಗಿಂತ ಒಂದು ಕೂದಲೆಳೆ ಮೇಲಿತ್ತು. ಎತ್ತರ 75 ಕಿಲೋಮೀಟರ್ ಎಂದು ಹಿಡಿದರೆ ದೂರ ಸುಮಾರು 375 ಕಿಲೋಮೀಟರ್ ಆಗುತ್ತದೆಂದು ತನ್ನ ಗಣಿತದ ಮೇಷ್ಟ್ರನ್ನು ಕೇಳಿ ಲೆಕ್ಕ ಮಾಡಿದ್ದಾಳೆ. ಶಾಲೆಯ ಅಟ್ಲಾಸಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಬುರ್ಹಾನ್‌ಪುರದ ಹತ್ತಿರದಿಂದ ಸಿಂದೇವಾಹಿಯ ಕಡೆಗೆ ಸುಮಾರು 350 ಕಿಲೋಮೀಟರ್ ಸಾಗಿದೆ ಎನ್ನುತ್ತಾಳೆ. ಭಾಗಿಸಿದರೆ ಸೆಕೆಂಡಿಗೆ ಏಳು ಚಿಲ್ಲರೆ ಕಿಲೋಮೀಟರ್. ಸರಿಯೇ?

ತಾರಾಪಥ:
ಸರಿಯಾಗಿದೆ, ತಂಗಿಗೆ ನನ್ನ ಅಭಿನಂದನೆ ತಿಳಿಸಿ. ಅಷ್ಟು ದೂರಕ್ಕೆ ಭೂಮಿಯ ಬಾಗನ್ನೂ ಸೇರಿಸಿಕೊಳ್ಳಬೇಕು. ಆಗ 375ರ ಬದಲು 340ರ ಆಸುಪಾಸು ಬರುತ್ತದೆ. ಅಂದರೆ ನಿಮ್ಮ ನೇರ ಉತ್ತರಕ್ಕೆ ಬಂದಾಗ ಅದು ಮೇಳಘಾಟ್ ಕಾಡಿನ ಮೇಲಿತ್ತು. ಹನ್ನೊಂದಕ್ಕಿಂತ ಇಷ್ಟು ಕೆಳಗಿನ ವೇಗದಲ್ಲಿ, ಅಷ್ಟು ಎತ್ತರದಲ್ಲಿ, ಇಷ್ಟು ಹೊತ್ತು ಸಾಗುವ ಉಲ್ಕೆ ಇರುವುದಿಲ್ಲ.

ಒಂಟಿದನಿ:
ಎತ್ತರ 75 ಎಂದು ಊಹಿಸಿಕೊಂಡಿದ್ದೀರಿ. ಅದು 120 ಆಗಿದ್ದರೆ ದೂರವೂ ವೇಗವೂ ಹೆಚ್ಚಾಗುತ್ತವೆ. ಅದೊಂದು ಸ್ಥಿರವಾಗಲಿ, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಹುಡುಗಿಯ ಕೆಲಸ ನಿಜಕ್ಕೂ ಮೆಚ್ಚುವಂಥದ್ದು, ಸಾಕ್ಷಿಯ ಬಗ್ಗೆ ನಾನು ಆಡಿದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ತಾರಾಪಥ:
ಎರಡನೆಯ ಊರಿನಿಂದ ಇನ್ನೊಂದು ಅಳತೆ ಸಿಕ್ಕರೆ ಊಹೆಯ ಅಗತ್ಯವೇ ಇರುವುದಿಲ್ಲ. ಎರಡು ಗೆರೆಗಳು ಕೂಡುವ ಕಡೆ ಎತ್ತರ ತಾನಾಗಿ ತಿಳಿಯುತ್ತದೆ.

ನಾಗಪುರದ ಕನ್ನಡತಿ:
ಈಗಷ್ಟೇ ಬಾಲ್ಕನಿಯಲ್ಲಿ ನಿಂತು ಅಳೆದು ಬಂದೆ. ಅದು ಹಾದುಹೋದಾಗ ಎದುರಿನ ಕಟ್ಟಡದ ಮೇಲಿನ ಮೊಬೈಲ್ ಗೋಪುರದ ತುದಿಗೆ ತಾಗಿದಂತೆ ಕಂಡದ್ದು ನನಗೆ ಚೆನ್ನಾಗಿ ನೆನಪಿದೆ, ಆ ಗೋಪುರ ನಮಗೆ ನೇರ ದಕ್ಷಿಣ. ದಿಗಂತದಿಂದ ನಾಲ್ಕೂವರೆ ಮುಷ್ಟಿ. ಅಕ್ಕಾ, ಮಗಳಿಗೆ ಹೇಳಿ.